ಮೂವತ್ತು ದಿನದ ಬೀಗ

ಹೋದ ವಾರ ಪ್ರಾಣ ಕಳೆದುಕೊಂಡ ವಿದ್ಯಾರ್ಥಿನಿ ನೇತ್ರಾವತಿಗಾಗಿ ಒಂದು ನಿಮಿಷ ಎದ್ದು ನಿಂತ ಮೇಲೆ ಕಾಲೇಜಿನ ಸಭೆ ಶುರುವಾಯಿತು. ಮನಸ್ಸು ನೊಂದ ಮಕ್ಕಳಿಗೆ ಆಪ್ತಸಲಹೆ ಕೊಡುವ ಹೊಸ ನಿಯಮಕ್ಕೆ ಅಂದು ಒಪ್ಪಿಗೆ ಸಿಗಬೇಕಿತ್ತು. ಅದರ ಹೊಣೆ ಹೊತ್ತ ಅಂಬುಜಾಕ್ಷಿ ಮೇಡಂ ತಿಂಗಳ ಹಿಂದೆಯೇ ಕರಡನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ಮಕ್ಕಳ ಸಲಹೆಗೆಂದು ಪೆಟ್ಟಿಗೆಯೊಂದನ್ನಿಟ್ಟು, ಪದ್ಧತಿಯಂತೆ ಮೂವತ್ತು ದಿನ ಬೀಗ ಹಾಕಿ, ಕೀಲಿಯನ್ನು ದೇವರ ಪಟದ ಹಿಂದೆ ಜೋಪಾನ ಮಾಡಿದ್ದರು.

"ಯಾರು ಬರೀತಾರೆ ಬಿಡಿ, ಪಾಸ್ ಮಾಡೋಣ" ಎಂದರು ಪ್ರಿನ್ಸಿಪಾಲರು.

"ತೆಗೆದು ನೋಡ್ಬೇಕು ಸರ್, ಪದ್ಧತಿ" ಎಂದು ಮೇಡಂ ಪೆಟ್ಟಿಗೆಯ ಬೀಗ ತೆಗೆದರು.

ಒಂದೇ ಚೀಟಿ ಇತ್ತು, ಪೆಟ್ಟಿಗೆ ಇಟ್ಟ ಮೊದಲ ದಿನದ ತಾರೀಕಿನದು.

"ಏನಂತೆ ತಕರಾರು? ಓದಿ ಮೇಡಂ."

ಅವರು ಓದಿದರು: "ನಿಯಮ ಆಮೇಲೆ ಬರಲಿ ಮೇಡಂ. ಎದುರಿಗೆ ಕೇಳೋಕೆ ಧೈರ್ಯ ಇಲ್ಲ. ಇವತ್ತೇ ನನ್ನ ಕರೆದು ಮಾತಾಡಿಸ್ತೀರಾ?"

ಕೆಳಗೆ ನೇತ್ರಾವತಿಯ ಸಹಿ ಇತ್ತು.