ಬೂಷ್ಟು ಹಿಡಿದ ಗೋಡೆ

"ಊರಲ್ಲಿ ಬೇರೆ ಮನೆ ಸಿಗ್ಲಿಲ್ವಾ ಮೇಡಂ? ಈ ಬೂಷ್ಟು ಹಿಡಿದಿರೋದನ್ನೇ ಕೊಂಡ್ಕೊಂಡ್ರಲ್ಲ!" ಮೇಸ್ತ್ರಿ ಮೂಗು ಮುಚ್ಚಿಕೊಂಡೇ ಕೇಳಿದ.

"ನನಗೆ ಇದೇ ಬೇಕಿತ್ತು. ಮೊದಲು ಈ ಗೋಡೆ ಒಡೀರಿ."

ಮಹಡಿಯಲ್ಲಿ ಉಳಿದಿದ್ದ ಸಾಮಾನು ಒಯ್ಯಲು ಬಂದಿದ್ದ ಹಳೆಯ ಮಾಲೀಕರು ಮೆಟ್ಟಿಲ ಬುಡದಲ್ಲಿ ನಿಂತರು. "ಒಡೆಯೋದ್ಯಾಕಮ್ಮ? ಕೆರೆದು ಬಣ್ಣ ಹೊಡೆಸಿ, ಸಾಕು. ಹಿಂದೆ ಇಲ್ಲಿ ಬಾಡಿಗೆಗಿದ್ದವಳು ಒದ್ದೆ ಬಟ್ಟೆನೆಲ್ಲ ಒಳಗೇ ಒಣಗಹಾಕಿ ಗೋಡೆ ಹಾಳು ಮಾಡಿದ್ಳು. ಅದಕ್ಕೇ ಮನೆ ಬಿಡಿಸಿ ಕಳಿಸಿದೆ."

"ತಾರಸಿ ಮೇಲೆ ಒಣಗಹಾಕಬಹುದಿತ್ತಲ್ಲ?"

"ಅಲ್ಲಿ ನಮ್ಮನೆಯವರು ಹಪ್ಪಳ, ಸಂಡಿಗೆ ಹಾಕ್ತಿದ್ರು. ಬಾಡಿಗೆಯವರನ್ನೆಲ್ಲ ಹತ್ತಿಸೋಕಾಗುತ್ತಾ?"

ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಒಡೀರಿ ಅಂದೆನಲ್ಲ."

ನಾಲ್ಕನೇ ಏಟಿಗೆ ಗಾರೆ ಕಳಚಿ ಬಿತ್ತು. ಒಳಗೆ ತುಕ್ಕು ಹಿಡಿದ ಪೈಪು ತೊಟ್ಟಿಕ್ಕುತ್ತಿತ್ತು. ಅದು ಎಲ್ಲಿಂದ ಇಳಿದಿದೆಯೆಂದು ಮೇಸ್ತ್ರಿ ತಲೆಯೆತ್ತಿ ನೋಡಿದ.

"ಬಟ್ಟೆನೂ ಇಲ್ಲ, ಗಿಟ್ಟೆನೂ ಇಲ್ಲ ಸಾರ್. ಇದು ಮೇಲೆ ನಿಮ್ಮ ಬಚ್ಚಲಿಂದ ಬಂದಿರೋ ಪೈಪು. ಎಷ್ಟು ವರ್ಷದಿಂದ ಸೋರ್ತಿದೆಯೋ!"



ಅವಳು ಬಾಗಿಲಿಗೆ ಹೋಗಿ, ಆಟೋದಲ್ಲಿ ಕಾಯುತ್ತಿದ್ದವರನ್ನು ಕೂಗಿದಳು. "ಅಮ್ಮಾ, ಒಳಗೆ ಬಾ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮುದುಕಿಯೊಬ್ಬರು ಒಳಗೆ ಬಂದರು. ಒಡೆದ ಗೋಡೆಯನ್ನು ಒಂದು ಗಳಿಗೆ ನೋಡಿದರು. ಅವರ ಕೈಯಲ್ಲಿ ಹಿಂಡಿದ ಬಟ್ಟೆಯ ಬಕೆಟ್ಟಿತ್ತು.

"ಸ್ವಲ್ಪ ದಾರಿ ಬಿಡಿ ಸ್ವಾಮಿ," ಎಂದರು ಮಾಲೀಕರಿಗೆ, "ತಾರಸಿಗೆ ಹೋಗ್ಬೇಕು."