ಸಂತೆಬೀದಿಯಲ್ಲಿ ಮುಗ್ಗರಿಸಿದ ಬಸ್ಸು

ಲಿಂಗಯ್ಯನವರ ಬಸ್ಸು ಮೂರನೆಯ ಸಲವೂ ಸಂತೆಬೀದಿಯ ಬಾಳೆಹಣ್ಣಿನ ಗಾಡಿಗೆ ಗುದ್ದಿ ನಿಂತಿತು. ಪುಣ್ಯಕ್ಕೆ ಬಸ್ಸು, ಬೀದಿ, ಬಾಳೆಹಣ್ಣು ಮೂರೂ ಕಂಪ್ಯೂಟರಿನೊಳಗಿದ್ದವು. ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಶಿವಶಂಕರ ಮಾತ್ರ ನಿಜವಾದ ಕಂಡಕ್ಟರು. ಕೋಟೆ–ಹುಣಸೂರು ಬಸ್ಸಿನಲ್ಲಿ ಲಿಂಗಯ್ಯನವರ ಜೊತೆ ಹದಿನಾರು ವರ್ಷ ಟಿಕೆಟ್ ಹರಿದವನು.

“ಏನ್ ಲಿಂಗಣ್ಣ, ಸರ್ವೀಸ್ನಾಗೆ ಒಂದ್ ಕೋಳೀನೂ ಸಾಯಿಸ್ನಿಲ್ಲ ಅಂತಿದ್ದೆ! ರಿಟೈರಾಗಿ ಮನೇಲಿ ಕುಂತು ಒಂದು ಸಂತೇನೇ ಮುಗಿಸ್ಬುಟ್ಟಲ್ಲಪ್ಪ!”

ಲಿಂಗಯ್ಯ ನಗಲಿಲ್ಲ. ಮೇಜಿಗೆ ಬಿಗಿದಿದ್ದ ಸ್ಟೇರಿಂಗಿನಿಂದ ಕೈ ತೆಗೆದು, ಅಂಗೈಯನ್ನು ಒಮ್ಮೆ, ಹಿಂಗೈಯನ್ನು ಒಮ್ಮೆ ನೋಡಿಕೊಂಡರು. “ಗಾಡಿ ಕಾಣ್ತು ಕಣಯ್ಯ. ತಿರುಗಿಸ್ದೆ. ಅಷ್ಟ್ರಲ್ಲಿ ಗುದ್ದೋಗಿತ್ತು. ಕೈ ನಿಧಾನ ಆಗೋಗದೆ.” ಆಮೇಲೆ ಮಗಳು ಸಂಘಮಿತ್ರಳತ್ತ ತಿರುಗಿದರು. “ಕೂಸೆ, ನಾಳೆ ಲೈಸನ್ಸ್ ರಿನೀವಲ್ಗೆ ಹೋಗಾದ್ ಬ್ಯಾಡ. ಇಸ್ಕೂಲ್ ವ್ಯಾನ್ನೋರ್ಗೂ ಡ್ರೈವರ್ ಕೆಲ್ಸ ಆಗಲ್ಲ ಅಂದ್ಬುಡ್ತೀನಿ. ಮಕ್ಕಳು ಕೂರೋ ಗಾಡಿ ಅದು.”

ಹ್ಯಾಂಡ್‌ಪೋಸ್ಟ್ ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳು, ಅಪ್ಪ ನಿವೃತ್ತರಾದಾಗ ಒಂದೊಂದೇ ಬಿಡಿಭಾಗ ಕೂಡಿಸಿ ಈ ಯಂತ್ರ ಕಟ್ಟಿದ್ದಳು. ಪ್ರೊಸೆಸರು ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ್ದು. ತಿಂಗಳುಗಟ್ಟಲೆ ಬಸ್ಸು ನೀರಿನ ಹಾಗೆ ಓಡಿತ್ತು. ಈ ವಾರವಷ್ಟೇ ಹೀಗೆ. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆಯೆಂದು ಪರದೆಯ ಮೂಲೆಯಲ್ಲಿ ತೋರಿಸುತ್ತಿದ್ದ ಚಿಕ್ಕ ಅಂಕಿಯನ್ನು ಅವಳು ನೋಡಿದಳು. “ಅಪ್ಪ, ಇನ್ನೊಂದೇ ಒಂದು ಸಲ ಓಡ್ಸು” ಎಂದಳು. ಕಾಡಿನ ರಸ್ತೆಯಲ್ಲಿ ಅಂಕಿ ಅರವತ್ತರಿಂದ ಅಲುಗಲಿಲ್ಲ. ಸಂತೆಬೀದಿ ಬಂತು, ಆಟೋಗಳು ಬಂದವು, ಜನ ಬಂದರು. ಅಂಕಿ ಹದಿನಾಲ್ಕಕ್ಕೆ ಬಿತ್ತು. ಚಿತ್ರ ರೆಪ್ಪೆ ಬಡಿಯುವಷ್ಟು ಹೊತ್ತು ನಿಂತು, ಮುಂದಕ್ಕೆ ಜಿಗಿಯಿತು. ಬಾಳೆಹಣ್ಣು ನಾಲ್ಕನೆಯ ಸಲ ಚೆಲ್ಲಿತು.

ಹೋದ ಭಾನುವಾರ! ಯಾರೋ ಒಬ್ಬ ವಿಡಿಯೋದಲ್ಲಿ, ಪ್ರೊಸೆಸರಿನ ಎಸ್‌ಎಂಟಿ ಎಂಬ ಸೆಟ್ಟಿಂಗನ್ನು ಆಫ್ ಮಾಡಿದರೆ ಗೇಮು ಹಾರುತ್ತದೆ ಎಂದಿದ್ದ. ಅವನದು ಹದಿನಾರು ಕೋರಿನ ದುಬಾರಿ ಯಂತ್ರ. ಅದನ್ನು ಯೋಚಿಸದೆ ಇವಳೂ ಆಫ್ ಮಾಡಿ, ಕಾಡಿನ ರಸ್ತೆಯಲ್ಲಿ ಪರೀಕ್ಷೆ ಮಾಡಿ, ಅಂಕಿ ಎರಡು ಹೆಚ್ಚಿತೆಂದು ಕುಣಿದಾಡಿದ್ದಳು. ಸಂತೆಬೀದಿಗೆ ಹೋಗಿ ನೋಡಿರಲೇ ಇಲ್ಲ.

“ಅಪ್ಪ, ತಪ್ಪು ನಿನ್ ಕೈದಲ್ಲ. ನಂದು.”

“ಸಮಾಧಾನಕ್ಕೆ ಏನೂ ಹೇಳ್ಬ್ಯಾಡ ಕಣವ್ವ.”

“ಸಮಾಧಾನ ಅಲ್ಲ ಕಣಪ್ಪ, ಕೇಳು. ಇದ್ರೊಳಗೆ ಇರಾದೇ ನಾಕು ಕೋರು. ನಾಕು ಆಳು ಅಂತಿಟ್ಕೋ. ಎಸ್‌ಎಂಟಿ ಇದ್ರೆ ಒಬ್ಬೊಬ್ಬರೂ ಎರಡೆರಡು ಕೆಲ್ಸ ಒಟ್ಗೆ ಹಿಡೀತಾರೆ. ಒಂದು ಕಾಯ್ತಿದ್ರೆ ಇನ್ನೊಂದು ಮಾಡ್ತಾರೆ. ನಾನು ಅದ್ನ ಆಫ್ ಮಾಡ್ಬುಟ್ಟೆ. ಕಾಡಲ್ಲಿ ಕೆಲ್ಸ ಕಮ್ಮಿ, ಏನೂ ಗೊತ್ತಾಗ್ನಿಲ್ಲ. ಸಂತೇಲಿ ಅಷ್ಟು ಆಟೋ, ಅಷ್ಟು ಜನ, ಎಲ್ಲಾರ್ನೂ ಅದೇ ನಡೆಸ್ಬೇಕಲ್ಲ? ಉಸ್ರು ಕಟ್ಕೊಂಡದೆ. ನೀನು ಸರ್ಯಾಗೇ ತಿರುಗಿಸ್ತಿದ್ದೀಯ, ಅದು ತಡ್ವಾಗಿ ತಿರುಗ್ತಾ ಅದೆ.”

“ಅಂದ್ರೆ ಬಸ್ಸು ಕೆಟ್ಟಿದ್ರೂ ಡ್ರೈವರ್ಗೇ ಮೆಮೋ ಕೊಟ್ಟಂಗಾಯ್ತು!” ಎಂದ ಶಿವಶಂಕರ.

ಸಂಘಮಿತ್ರ ಯಂತ್ರವನ್ನು ಆರಿಸಿ ಹಚ್ಚಿದಳು, ಒಂದು ಕೀಲಿಯನ್ನು ಟಕಟಕ ಒತ್ತಿ ಸೆಟ್ಟಿಂಗಿನ ಪುಟಕ್ಕೆ ಹೋದಳು, ಆ ಸಾಲನ್ನು ಹುಡುಕಿ ಮತ್ತೆ ಆನ್ ಮಾಡಿದಳು. ಪರದೆ ಕಪ್ಪಾಗಿದ್ದಷ್ಟು ಹೊತ್ತೂ ಶಿವಶಂಕರ ಕುರ್ಚಿಯ ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದ. ಅಮ್ಮ ಚಿಕ್ಕಸಿದ್ದಮ್ಮ ಕೂಡ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಬಸ್ಸು ಹೊರಟಿತು. ಕಾಡು ಮುಗಿಯಿತು. ಸಂತೆಬೀದಿಯ ಬಾಯಲ್ಲಿ ಆಟೋ ಒಂದು ಅಡ್ಡ ಬಂತು. ಲಿಂಗಯ್ಯ ಸ್ಟೇರಿಂಗನ್ನು ಕೂದಲೆಳೆಯಷ್ಟು ತಿರುಗಿಸಿದರು, ಬಸ್ಸೂ ಅಷ್ಟೇ ತಿರುಗಿತು. ಅರವತ್ತು, ಐವತ್ತೇಳು, ಐವತ್ತೊಂಬತ್ತು. ಎಡಕ್ಕೆ ಬಾಳೆಹಣ್ಣಿನ ಗಾಡಿ, ಬಲಕ್ಕೆ ಲಾರಿ, ನಡುವೆ ಬೆರಳಷ್ಟು ಜಾಗ. ಆ ಸಂದಿಯಲ್ಲಿ ಅಷ್ಟುದ್ದದ ಬಸ್ಸು ಹಾವಿನ ಹಾಗೆ ಜಾರಿಕೊಂಡು ಆಚೆ ಬಂತು.

“ಬತ್ತು! ಬತ್ತು ಕಣಪ್ಪೋ!” ಸಂಘಮಿತ್ರ ಕುರ್ಚಿ ಬೀಳುವಂತೆ ನೆಗೆದಳು. ಶಿವಶಂಕರ ಎದ್ದು ನಿಂತು ಬಾಯಲ್ಲೇ ವಿಷಲ್ ಊದಿದ. ಪ್ರತಿ ತಿರುವಿಗೂ ಅವನ ಮೈ ಬಸ್ಸಿನ ಜೊತೆ ವಾಲುತ್ತಿತ್ತು. “ರೈಟ್ ರೈಟ್! ಒಳಗ್ ಹೋಗ್ರೀ, ಒಳಗ್ ಹೋಗ್ರೀ!” ಎಂದು ಖಾಲಿ ಕೋಣೆಯನ್ನು ತಳ್ಳಾಡಿದ. ಲಿಂಗಯ್ಯನವರು ಬೇಕೆಂದೇ ಬಸ್ಸು ತಿರುಗಿಸಿ ಅದೇ ಬೀದಿಯಲ್ಲಿ ಇನ್ನೊಂದು ಸುತ್ತು ಹಾಕಿದರು, ಮತ್ತೂ ಒಂದು ಹಾಕಿದರು. ಈಗ ನಗು ಅವರ ಮೀಸೆ ದಾಟಿ ಕಣ್ಣಿಗೆ ಏರಿತ್ತು.

“ಕೂಸೆ,” ಎಂದರು ಪರದೆಯಿಂದ ಕಣ್ಣು ಕೀಳದೆ, “ನಾಳೆ ಆರ್‌ಟಿಓ ಆಫೀಸ್ ಎಷ್ಟೊತ್ಗೆ ತೆಗೀತಾರೆ?”

ಅಷ್ಟರಲ್ಲಿ ಚಿಕ್ಕಸಿದ್ದಮ್ಮ ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು, ಒಂದು ಸ್ಟೂಲು ಎಳೆದುಕೊಂಡು ಬಂದರು. “ವಸಿ ಸರ್ಕೊಳಿ ಕಂಡಕ್ಟ್ರೆ. ಕೈ ಅಡ್ಡ ಹಾಕ್ದೋರ್ನೆಲ್ಲ ಹತ್ತಿಸ್ಕೊಂಡ್ರು ಇವ್ರು. ನನ್ನೊಬ್ಬಳನ್ನ ಮುಂದಿನ ಸೀಟಲ್ಲಿ ಒಂದಿನಾನೂ ಕೂರಿಸ್ಕೊಳ್ನಿಲ್ಲ.”

ಶಿವಶಂಕರ ಸರಿದು ಜಾಗ ಬಿಟ್ಟ. “ಎಲ್ಲಿಗಕ್ಕ?”

ಚಿಕ್ಕಸಿದ್ದಮ್ಮ ಗಂಡನ ಭುಜಕ್ಕೆ ಭುಜ ತಾಗುವಂತೆ ಕೂತರು. “ಎಲ್ಲಿಗಾದ್ರೂ ಸರಿ. ಮೊದ್ಲು ಬಸ್ಸು ಬುಡಕ್ ಹೇಳಿ.”