ಹತ್ತು ವರ್ಷದ ನರ

ಗರಡಿ ಉಸ್ತಾದ ಸಂಗನಬಸಪ್ಪನಿಗೆ ಬೈಪಾಸ್ ಆದಾಗ ನಲವತ್ತೆಂಟು ವರ್ಷ. ಕಾಲಿನಿಂದ ನರ ತೆಗೆದು ಹೃದಯಕ್ಕೆ ಜೋಡಿಸಿದ್ದರು. "ಆ ನರ ಹತ್ತು ವರ್ಷ ಬಾಳಿಕಿ ಬರತೈತಿ, ಆಮ್ಯಾಲೆ ಮುಚ್ಚತೈತಿ" ಎಂದು ಪಕ್ಕದ ಹಾಸಿಗೆಯ ರೋಗಿ ಹೇಳಿದ ಮಾತು ಅವನೊಳಗೆ ಕೂತುಬಿಟ್ಟಿತು.

ಅಂದಿನಿಂದ ಅವನು ಗರಡಿಯ ಮಣ್ಣು ಮುಟ್ಟಲಿಲ್ಲ. ಶಿಷ್ಯರು ಕರೆಯಲು ಬಂದರೆ ದೋತರ ಮೇಲೆತ್ತಿ, ಕಾಲಿನ ಉದ್ದನೆಯ ಗಾಯದ ಗುರುತು ತೋರಿಸಿ ವಾಪಸು ಕಳಿಸುತ್ತಿದ್ದ. ದಾರಿಯಲ್ಲೇ ಎದೆ ನಿಂತುಬಿಟ್ಟರೆ ಎಂದು ಹೆದರಿ, ಸೊಲ್ಲಾಪುರದಲ್ಲಿ ನಡೆದ ಮಗಳ ಮದುವೆಗೂ ಹೋಗಲಿಲ್ಲ. ನರ ಸಣ್ಣಗಾಗುವ ಸದ್ದು ಕೇಳಿಸುತ್ತದೆ ಎಂದು ಹೆಂಡತಿಯ ಕಿವಿಯನ್ನು ಎದೆಗೆ ಒತ್ತಿಸಿಕೊಳ್ಳುತ್ತಿದ್ದ. ಅವಳಿಗೆ ಎದೆಬಡಿತ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಹದಿನೈದನೇ ವರ್ಷ ಮಗಳೇ ಬಂದು, ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಆಂಜಿಯೋಗ್ರಾಂ ಮುಗಿಸಿದ ಡಾಕ್ಟರು ಪರದೆಯ ಮುಂದೆ ಬಹಳ ಹೊತ್ತು ಕೂತರು.

"ನರ ಮುಚ್ಚೇತೇನ್ರಿ?" ಎಂದು ಕೇಳಿದ ಸಂಗನಬಸಪ್ಪ.

"ಪೂರ್ತಿ ಮುಚ್ಚೈತ್ರಿ."

ಮಗಳು ಅಪ್ಪನ ಭುಜ ಹಿಡಿದುಕೊಂಡಳು.

"ಇನ್ನ ಎಷ್ಟು ದಿನ ಅದಾವ್ರಿ ನನಗ?"

"ಹೆದರಬ್ಯಾಡ್ರಿ ಯಜಮಾನ್ರ. ನಿಮ್ಮ ಹೃದಯ ತಾನ ಸಣ್ಣ ಸಣ್ಣ ನಾಳ ಬೆಳೆಸಿಕೊಂಡೈತಿ. ಛಲೋ ಕೆಲಸ ಮಾಡಾಕತ್ತೈತಿ."

ಸಂಗನಬಸಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡ. "ಹಂಗಾದ್ರ ಆ ನರ ಯಾವಾಗ ಮುಚ್ಚಿತ್ರಿ?"

ಡಾಕ್ಟರು ಮತ್ತೊಮ್ಮೆ ಪರದೆಯತ್ತ ನೋಡಿದರು.

"ಅದು ಭಾಳ ಹಳೇದೈತ್ರಿ. ಆಪರೇಷನ್ ಆಗಿ ನೀವು ಮನಿಗೆ ಹೋದ ವರ್ಷನ ಮುಚ್ಚಿರಬೇಕು."